ಅಂತೆ, ಕಂತೆ, ಟಿವಿ ಅಡುಗೆಯವರು

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಇಡ್ಲಿ ಒಲೆ ಮೇಲಿಟ್ಟು ಐದು ನಿಮಿಷ ಆಗಿರ್ಲಿಲ್ಲ, ಊರಿಂದ ಅವ್ವನ ಫೋನು. ನಾನಿರೋದು ಮೈಸೂರು ಕುವೆಂಪುನಗರದಲ್ಲಿ, ಅವ್ವ ಇರೋದು ಮಂಡ್ಯದ ಹತ್ರ ಹಳ್ಳೀಲಿ, ಭಾನುವಾರ ಅವ್ವ ಮಾತಾಡೋದು ಸಂಜೆ ದನ ಕಟ್ಟಿದ್ ಮೇಲೇನೇ, ಬೆಳಗ್ಗೆ ಫೋನ್ ಬಂದ್ರೆ ಯಾರಿಗೋ ಏನೋ ಆಗಿದೆ ಅಂತಾನೇ ಲೆಕ್ಕ. "ಮಗಾ, ಟೀವೀಲಿ ಅಡ್ಗೆ ಮಾಡ್ತಿದ್ರಲ್ಲ ಅವ್ರು, ತೀರೋಗ್ಬುಟ್ರಂತೆ ಕಣವ್ವ" ಅಂದ್ರು. ದನಿ ನೋಡಿದ್ರೆ ಸೋದರಮಾವ ಹೋದಂಗಿತ್ತು.

ಯಾರವ್ವ ಹೇಳಿದ್ದು ಅಂದೆ. ಡೈರಿ ಗ್ರೂಪಲ್ಲಿ ಬಂದದೆ, ಫೋಟೋಗೆ ಹಾರ ಹಾಕವ್ರೆ, ಮುಂದ್ಗಡೆ ದೀಪಾನೂ ಉರೀತಾ ಅದೆ ಅಂದ್ರು. ಹಾಲು ಹಾಕೋರ ವಾಟ್ಸಾಪ್ ಗ್ರೂಪದು, ಬಟವಾಡೆ ಯಾವತ್ತು ಅನ್ನೋ ಒಂದು ಮೆಸೇಜ್ ಬಿಟ್ರೆ ಮಿಕ್ಕಿದ್ದೆಲ್ಲ ಇಂಥದ್ದೇ. ನಾನು ಒಂದ್ ಕೈಲಿ ಗ್ಯಾಸ್ ಸಣ್ಣ ಮಾಡ್ಕೊಂಡು ಇನ್ನೊಂದ್ ಕೈಲಿ, ಯಾರು ಬೇಕಾದ್ರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ ಅವರ ಪುಟ ತೆಗೆದ್ರೆ ಆಗ್ಲೇ ಯಾರೋ ಪುಣ್ಯಾತ್ಮರು ಕೈ ಆಡಿಸಿದ್ರು. ಮೊದಲ ಸಾಲಲ್ಲಿ "ನಿರೂಪಕರಾಗಿದ್ದಾರೆ" ಅಂತ ಇದ್ದಿದ್ದು "ನಿರೂಪಕರಾಗಿದ್ದರು" ಆಗಿತ್ತು. ಒಂದು ದೀರ್ಘ ಕಿತ್ತು ಒಂದಕ್ಷರ ತಿದ್ದಿದ್ರೆ ಆಯ್ತು ನೋಡಿ ಕನ್ನಡದಲ್ಲಿ, ಮನುಷ್ಯ ಹೋದ. ಆಧಾರ ಏನು ಅಂತ ನೋಡಿದ್ರೆ ಏನೂ ಇಲ್ಲ. ನಾನು ಅದನ್ನ ತಕ್ಷಣ ಹಳೇದಕ್ಕೆ ತಿರುಗಿಸ್ದೆ. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯೋರೇ "ಚೆನ್ನಾಗಿದಾರೆ, ದಯವಿಟ್ಟು ಇಂಥದ್ದನ್ನ ಹರಡ್ಬೇಡಿ" ಅಂತ ಹಾಕಿದ್ರು. ಯಾರು ಅಂತ ಹೆಸರು ಹೇಳಲ್ಲ, ಒಂದ್ಸಲ ಸಾಯಿಸಿದ್ದು ಸಾಕು.

ಆಮೇಲೆ ಇಡ್ಲಿ ತಿನ್ನೋವಾಗ ಯೋಚ್ನೆ ಮಾಡ್ತಿದ್ದೆ, ಅವ್ವ ಸುಳ್ಳು ಹೇಳ್ಲಿಲ್ಲ. "ತೀರೋಗ್ಬುಟ್ರಂತೆ" ಅಂದ್ರು. ನಮ್ ಭಾಷೇಲಿ ಈ "ಅಂತೆ" ಇದ್ಯಲ್ಲ, ಇದು ಎಷ್ಟು ಪ್ರಾಮಾಣಿಕವಾದ ಪದ ಅಂದ್ರೆ, ನಾನು ಕಣ್ಣಾರೆ ನೋಡಿಲ್ಲ, ಯಾರೋ ಅಂದಿದ್ದು, ಜವಾಬ್ದಾರಿ ನಂದಲ್ಲ ಅನ್ನೋದನ್ನೆಲ್ಲ ಎರಡಕ್ಷರದಲ್ಲಿ ಮುಗಿಸುತ್ತೆ, ಓದು ಬರಹ ಬರ್ದೇ ಇರೋರೂ ತಪ್ಪದೆ ಹಾಕ್ತಾರೆ. ಆದ್ರೆ ಅದೇ ಮಾತು ಬರವಣಿಗೆಗೆ ಇಳಿಯೋವಾಗ ನಾವು "ಅಂತೆ"ನ ಉದುರಿಸಿಬಿಡ್ತೀವಿ, ಗ್ರಾಂಥಿಕವಾಗಿ ಕಾಣ್ಲಿ ಅಂತ. "ಹೋಟೆಲಲ್ಲಿ ಪಾತ್ರೆ ತೊಳೀತಿದ್ರಂತೆ" ಅನ್ನೋದು "ಬಾಲ್ಯದಲ್ಲಿ ಪಾತ್ರೆ ತೊಳೆದು ಜೀವನ ಸಾಗಿಸಿದರು" ಆಗೋಗುತ್ತೆ.

ನಾನು ಹಿಂದೆ ಪೇಪರ್ ಆಫೀಸಲ್ಲಿ ಪ್ರೂಫ್ ನೋಡ್ತಿದ್ದೆ, ಈಗ ಮನೇಲಿ ಕೂತು ಬಿಡುವಾದಾಗ ಇಂಥ ಪುಟಗಳನ್ನ ಬರೀತೀನಿ, ತಿದ್ತೀನಿ, ಅದರಲ್ಲೂ ಟಿವಿ ಅಡುಗೆಯವರದ್ದು. ಯಾಕೆ ಅವರದ್ದೇ ಅಂದ್ರೆ ಸಾಹಿತಿಗಳದ್ದು ಬರೆಯೋಕೆ ಊರ್ ತುಂಬ ಜನ ಇದಾರೆ, ಸಿನಿಮಾದವರದ್ದಂತೂ ಬಿಡಿ, ಫ್ಯಾನ್ಸ್ ಬರೆದು ಬರೆದು ಪುಟ ಉಬ್ಬಿ ಹೋಗಿರುತ್ತೆ. ದಿನಾ ಮಧ್ಯಾಹ್ನ ನಮ್ ಅವ್ವಂದಿರ ಜೊತೆ ಮಾತಾಡಿ ಸಾರು ಹೇಳ್ಕೊಟ್ಟೋರ ಬಗ್ಗೆ ಬರೆದಿರೋದು ನೋಡಿದ್ರೆ ಒಂದೋ ಎರಡೇ ಸಾಲು, ಇಲ್ಲಾಂದ್ರೆ ಎರಡು ಪುಟ ಹೊಗಳಿಕೆ. ನಳಮಹಾರಾಜ, ಅನ್ನಪೂರ್ಣೆ, ಇವರ ಕೈರುಚಿಗೆ ಮನಸೋಲದವರಿಲ್ಲ. ನಾನು ಮೊದಲು ಕತ್ತರಿ ಹಾಕೋದು ಇವಕ್ಕೇ. (ಅಡುಗೆಯವರ ಬಗ್ಗೆ ಬರೆಯೋವಾಗ "ಒಗ್ಗರಣೆ" ಅನ್ನೋ ಪದಾನ ಉಪಮೆಯಾಗಿ ಬಳಸ್ಬಾರ್ದು ಅಂತ ನನಗೆ ನಾನೇ ಒಂದು ರೂಲ್ ಮಾಡ್ಕೊಂಡಿದೀನಿ, ಇಲ್ಲೂ ಪಾಲಿಸ್ತೀನಿ.)

ಎಲ್ಲರಿಗೂ ತುಂಬಾ ಇಷ್ಟ ಆಗೋ ಕಥೆ ಯಾವುದಿದೆಯೋ ಅದನ್ನೇ ಮೊದಲು ಅನುಮಾನಿಸ್ಬೇಕು ಅನ್ನೋದು ನನಗೆ ಗೊತ್ತಾಗಿದ್ದು ಅಮೆರಿಕದ ಜೂಲಿಯಾ ಚೈಲ್ಡ್ ಬಗ್ಗೆ ಓದೋವಾಗ. 1963ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಟಿವಿಲಿ ಫ್ರೆಂಚ್ ಅಡುಗೆ ಹೇಳ್ಕೊಡೋಕೆ ಶುರು ಮಾಡಿದಾಗ ಆಕೆಗೆ ಐವತ್ತು ವರ್ಷ, ಆರಡಿ ಎರಡಿಂಚು ಎತ್ತರ, ವಿಚಿತ್ರ ದನಿ. ಆಕೆ ಬಗ್ಗೆ ಯಾರನ್ನ ಕೇಳಿದ್ರೂ ಒಂದು ಕಥೆ ಹೇಳ್ತಾರೆ, ಕಾರ್ಯಕ್ರಮ ನಡೀತಿರೋವಾಗ ಇಡೀ ಕೋಳಿ ಕೈ ಜಾರಿ ನೆಲಕ್ಕೆ ಬಿತ್ತು, ಆಕೆ ಎತ್ತಿ ಧೂಳು ಕೊಡವಿ ತಟ್ಟೆಗೆ ಹಾಕಿ ನಕ್ಕುಬಿಟ್ಲು ಅಂತ. ಕೆಲವರ ಪ್ರಕಾರ ಕೋಳಿ ಅಲ್ಲ ಟರ್ಕಿ, ಕೆಲವರ ಪ್ರಕಾರ ಬಾತು, ಇನ್ನು ಕೆಲವರಿಗೆ ಕುರಿ ತೊಡೆ. ನಾನು ನೋಡ್ದೆ ಅಂತ ಆಣೆ ಮಾಡೋರೂ ಇದ್ರು. ನಿಜವಾಗ್ಲೂ ಬಿದ್ದಿದ್ದು ಆಲೂಗಡ್ಡೆ. ಬಾಣಲೀಲಿ ಆಲೂಗಡ್ಡೆ ದೋಸೆ ಥರದ್ದೊಂದನ್ನ ಗಾಳೀಲಿ ಹಾರಿಸಿ ಮಗುಚಕ್ಕೆ ಹೋದ್ರು, ಅರ್ಧ ಒಲೆ ಕಟ್ಟೆ ಮೇಲೆ ಚೆಲ್ತು, ನೆಲಕ್ಕಲ್ಲ, ಅದನ್ನ ಬಾಚಿ ವಾಪಸ್ ಹಾಕಿ, ಅಡುಗೆಮನೇಲಿ ನೀವೊಬ್ಬರೇ ಇದ್ರೆ ಯಾರು ನೋಡ್ತಾರೆ ಅನ್ನೋ ಅರ್ಥದಲ್ಲಿ ಒಂದು ಮಾತಂದ್ರು. ಅಷ್ಟೇ. ಆ ಎಪಿಸೋಡ್ ಇವತ್ತೂ ಇದೆ, ಯಾರು ಬೇಕಾದ್ರೂ ನೋಡ್ಬಹುದು, ಆದ್ರೂ ಕೋಳಿ ಬೀಳೋದು ನಿಂತಿಲ್ಲ.

ಅದೇ ಆಕೆ ಬಗ್ಗೆ ಇನ್ನೊಂದು, ಗೂಢಚಾರಿಣಿ ಆಗಿದ್ಲು ಅಂತ. 2008ರಲ್ಲಿ ಅಮೆರಿಕ ಸರ್ಕಾರ ಎರಡನೇ ಮಹಾಯುದ್ಧದ ಕಾಲದ ಗೂಢಚರ್ಯೆ ಸಂಸ್ಥೆ ಓಎಸ್ಎಸ್‌ನ ಸಿಬ್ಬಂದಿ ಕಡತಗಳನ್ನ ಬಿಚ್ಚಿದಾಗ ಆಕೆ ಹೆಸರೂ ಇತ್ತು, ಪೇಪರುಗಳು "ಸ್ಪೈ" ಅಂತ ದಪ್ಪಕ್ಷರದಲ್ಲಿ ಹಾಕಿದ್ವು. ಆಕೆ ಅಲ್ಲಿ ಕೆಲಸ ಮಾಡಿದ್ದು ಅದಕ್ಕೂ ಮುಂಚೆನೇ ಗೊತ್ತಿದ್ದ ವಿಷಯ. ಸಿಲೋನಿನ ಕ್ಯಾಂಡಿಯಲ್ಲಿ, ಆಮೇಲೆ ಚೀನಾದಲ್ಲಿ, ಗುಪ್ತ ಕಾಗದಪತ್ರಗಳ ದಫ್ತರು ನೋಡ್ಕೊಳ್ಳೋ ಕೆಲಸ. ದಫ್ತರು ನೋಡ್ಕೊಳ್ಳೋದೂ ಸಣ್ಣ ಕೆಲಸ ಏನಲ್ಲ, ಆದ್ರೆ ಪುಟದ ಮೊದಲ ಸಾಲಲ್ಲಿ "ಗೂಢಚಾರಿಣಿ ಹಾಗೂ ಅಡುಗೆ ತಜ್ಞೆ" ಅಂತ ಬರೆದ್ರೆ ಅದು ಬರೆದೋರ ಖುಷಿಗೆ ಬರೆದಿದ್ದು.

ಇನ್ನು ಅಡುಗೆಯವರು ತಮ್ ಬಗ್ಗೆ ತಾವೇ ಹೇಳ್ಕೊಳ್ಳೋದು. ಅವರೇ ಹೇಳಿದಾರಲ್ಲ, ಅದಕ್ಕಿಂತ ಆಧಾರ ಬೇಕಾ ಅಂತ ನಮ್ ಮನೇಲೇ ವಾದ ಆಗಿದೆ, ನಮ್ಮೆಜಮಾನ್ರು ಇವತ್ತಿಗೂ ಒಪ್ಪಿಲ್ಲ. ರಾಬರ್ಟ್ ಇರ್ವೈನ್ ಅಂತ ಬ್ರಿಟನ್ ಮೂಲದ ಬಾಣಸಿಗ, ಅಮೆರಿಕದ ಫುಡ್ ನೆಟ್‌ವರ್ಕ್ ಚಾನೆಲಲ್ಲಿ ಭಾರಿ ಜನಪ್ರಿಯ. ಚಾರ್ಲ್ಸ್ ಡಯಾನಾ ಮದುವೆ ಕೇಕ್ ತಯಾರಿಯಲ್ಲಿ ನಾನಿದ್ದೆ, ನನಗೆ "ಸರ್" ಅಂತ ಕರೆಸ್ಕೊಳ್ಳೋ ನೈಟ್ ಪದವಿ ಇದೆ ಅನ್ನೋ ಥರದ ಮಾತುಗಳು ಅವರ ಪರಿಚಯದಲ್ಲಿ ಓಡಾಡ್ತಿದ್ವು. 2008ರಲ್ಲಿ ಫ್ಲೋರಿಡಾದ ಒಂದು ಪತ್ರಿಕೆ ಒಂದೊಂದನ್ನೂ ಹಿಡಿದು ಸಂಬಂಧಪಟ್ಟೋರನ್ನ ಕೇಳ್ತು. ನೈಟ್ ಪದವಿ ಇರ್ಲಿಲ್ಲ. ಕೇಕ್ ತಯಾರಾದ ನೌಕಾಪಡೆ ಅಡುಗೆ ಶಾಲೇಲಿ ಅವರು ಆಗ ಕಲೀತಿದ್ದಿದ್ದು ನಿಜ, ಆ ಕೇಕ್ ಕಟ್ಟಿದ್ದು ಅವರಲ್ಲ. ಅವರೂ ಉತ್ಪ್ರೇಕ್ಷೆ ಮಾಡಿದ್ದು ತಪ್ಪು ಅಂತ ಒಪ್ಕೊಂಡ್ರು, ಚಾನೆಲ್‌ನವರು ಒಪ್ಪಂದ ಮುಂದುವರಿಸಲ್ಲ ಅಂದ್ರು, ಆಮೇಲೆ ಅವರೇ ವಾಪಸ್ ಕರೆದ್ರು.

ಈಗ ಇದನ್ನ ಪುಟದಲ್ಲಿ ಎಷ್ಟು ಬರೀಬೇಕು ಅನ್ನೋದು ನನಗೆ ಸರಿ ತಪ್ಪಿಗಿಂತ ಕಷ್ಟದ ಪ್ರಶ್ನೆ. ಬಿಡೋ ಹಾಗಿಲ್ಲ, ಅದು ಆಗಿದ್ದು, ಅವರೇ ಒಪ್ಪಿದ್ದು. ಹಾಗಂತ ವರ್ಷಗಟ್ಟಲೆ ಅಡುಗೆ ಮಾಡಿ, ಕಾರ್ಯಕ್ರಮದ ಮೇಲೆ ಕಾರ್ಯಕ್ರಮ ನಡೆಸಿದೋರ ಪುಟದಲ್ಲಿ ಮುಕ್ಕಾಲು ಭಾಗ ಆ ಒಂದು ವರ್ಷಾನೇ ತುಂಬಿದ್ರೆ? ಒಂದೊಂದ್ ಮಾತೂ ನಿಜ ಇರುತ್ತೆ, ಒಟ್ಟು ಪುಟ ಸುಳ್ಳಾಗಿರುತ್ತೆ. ನಾನು ಮಾಡೋದು ಏನಂದ್ರೆ ಅದಕ್ಕೆ ಬೇರೆ ತಲೆಬರಹ ಕೊಡಲ್ಲ. "ವಿವಾದಗಳು" ಅಂತ ಒಂದು ಹೆಡ್ಡಿಂಗ್ ಹಾಕಿಟ್ರೆ ಮುಗೀತು, ಹೋಗಿ ಬರೋರೆಲ್ಲ ಅದರೊಳಗೇ ಕಸ ಎಸೀತಾರೆ. 2008ರ ಮಾತು 2008ರ ಜಾಗದಲ್ಲೇ, ಕೆಲಸದ ಕಥೆ ನಡುವೆ, ಮೂರ್ನಾಲ್ಕು ಸಾಲಲ್ಲಿ ಬರ್ಲಿ, ಒಪ್ಕೊಂಡಿದ್ದೂ ವಾಪಸ್ ಬಂದಿದ್ದೂ ಅಲ್ಲೇ ಇರ್ಲಿ.

ಕನ್ನಡದಲ್ಲಿ ಇನ್ನೊಂದು ತಮಾಷೆ ಇದೆ, ತಮಾಷೆ ಅನ್ನೋಕೂ ಆಗಲ್ಲ. ಯಾರ ಮೇಲಾದ್ರೂ ಒಂದು ಆರೋಪ ಬಂತು ಅಂದ್ರೆ ಅವರ ಪುಟದಲ್ಲಿ ರಾತ್ರೋರಾತ್ರಿ "ಅವರು" ಹೋಗಿ "ಅವನು" ಆಗುತ್ತೆ, "ಮಾಡಿದರು" ಅನ್ನೋದು "ಮಾಡಿದ" ಆಗುತ್ತೆ. ವಿಷಯ ಒಂದೂ ಬದಲಾಗಿರಲ್ಲ, ಕ್ರಿಯಾಪದದ ಬಾಲ ಮಾತ್ರ. ಹೆಂಗಸರಿಗಾದ್ರೆ ಆರೋಪಾನೂ ಬೇಕಿಲ್ಲ, ವಯಸ್ಸು ಸ್ವಲ್ಪ ಕಮ್ಮಿ ಇದ್ರೆ ಸಾಕು "ಈಕೆ" ಅಂತ ಶುರು. ಮೇಲೆ ಜೂಲಿಯಾ ಚೈಲ್ಡ್‌ಗೆ ನಾನೇ "ಆಕೆ" ಅಂತ ಬರೆದಿದೀನಿ, ಇರ್ವೈನ್‌ಗೆ "ಅವರು" ಅಂದಿದೀನಿ, ಈಗ ತಿರುಗಿ ಓದೋವಾಗ ಕಣ್ಣಿಗೆ ಬಿತ್ತು. ತಿದ್ದಲ್ಲ, ಇರ್ಲಿ, ನನ್ ಮುಖಕ್ಕೇ ಕನ್ನಡಿ.

ಅದಕ್ಕೇ ಹೊಂದ್ಕೊಂಡಿರೋ ಇನ್ನೊಂದು ಜಗಳ, ಯಾರನ್ನ ಏನಂತ ಕರೀಬೇಕು ಅನ್ನೋದು. 2016ರಲ್ಲಿ ಇಮ್ತಿಯಾಜ್ ಖುರೇಷಿಯವರಿಗೆ ಪದ್ಮಶ್ರೀ ಬಂತು, ದೊಡ್ಡ ಹೋಟೆಲ್ ಅಡುಗೆಮನೆಗಳನ್ನ ಆಳಿದ ಲಖನೌ ಕಡೆಯ ಉಸ್ತಾದ್. ಪದ್ಮಶ್ರೀ ಪಡೆದ ಮೊದಲ ಶೆಫ್ ಅಂತ ಎಷ್ಟೋ ಕಡೆ ಬರೆದಿದಾರೆ. ಆದ್ರೆ 2007ರಲ್ಲೇ ತರಲಾ ದಲಾಲ್ ಅವರಿಗೆ ಪದ್ಮಶ್ರೀ ಬಂದಿತ್ತಲ್ಲ? ಮುಂಬೈನ ತಮ್ಮ ಮನೇಲಿ 1966ರಲ್ಲಿ ಅಡುಗೆ ಕ್ಲಾಸ್ ಶುರು ಮಾಡಿದೋರು, 1974ರಲ್ಲಿ ಮೊದಲ ಪುಸ್ತಕ, ಆಮೇಲೆ ನೂರಕ್ಕೂ ಹೆಚ್ಚು, ಟಿವಿಲೂ ಬಂದ್ರು, 2013ರಲ್ಲಿ ತೀರ್ಕೊಂಡ್ರು. ಅವರನ್ನ ಯಾಕೆ ಲೆಕ್ಕಕ್ಕೆ ತಗೊಂಡಿಲ್ಲ ಅಂದ್ರೆ ಅವರು ಹೋಟೆಲಲ್ಲಿ ಕೆಲಸ ಮಾಡಿರ್ಲಿಲ್ಲ, ಹಂಗಾಗಿ "ಶೆಫ್" ಅಲ್ವಂತೆ. ಕನ್ನಡದಲ್ಲೂ ಇದೇ ಕಥೆ, ಗಂಡಸಾದ್ರೆ "ಬಾಣಸಿಗ" ಅಂತ ಗತ್ತಾಗಿ ಬರೀತಾರೆ, ಹೆಂಗಸಾದ್ರೆ "ಗೃಹಿಣಿ, ಅಡುಗೆಯಲ್ಲಿ ಆಸಕ್ತಿ". ಬಾಣಸ ಅಂದ್ರೆ ಅಡುಗೆಮನೆ ಅಷ್ಟೇ ರೀ, ಸಂಸ್ಕೃತದ ಮಹಾನಸದಿಂದ ಬಂದಿರೋ ಹಳೇ ಪದ, ಹೋಟೆಲ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಹಂಗಾಗಿ "ಮೊದಲ", "ಏಕೈಕ", "ಅತಿ ಹೆಚ್ಚು" ಈ ಮೂರು ಎಲ್ಲಿ ಕಂಡ್ರೂ ನಾನು ಅಲ್ಲಿ ನಿಂತು ಪದ್ಮ ಪ್ರಶಸ್ತಿಗಳ ಸರ್ಕಾರಿ ಪಟ್ಟಿ ತೆಗೆದು ವರ್ಷ ನೋಡ್ತೀನಿ. "2007ರಲ್ಲಿ ಪದ್ಮಶ್ರೀ ಪಡೆದರು", ಪೂರ್ಣವಿರಾಮ. ಮೊದಲೋ ಎರಡನೇದೋ ಓದೋರು ಲೆಕ್ಕ ಹಾಕ್ಕೊಳ್ಳಿ.

ಅಂಕಿಸಂಖ್ಯೆದೂ ಹಂಗೇ. ಸಂಜೀವ್ ಕಪೂರ್ ಅವರ ಖಾನಾ ಖಜಾನಾ ಝೀ ಟಿವಿಲಿ 1993ರಲ್ಲಿ ಶುರುವಾಯ್ತು, 2011ರಲ್ಲಿ ಅವರದ್ದೇ ಚಾನೆಲ್ ಬಂತು, 2017ರಲ್ಲಿ ಪದ್ಮಶ್ರೀ, ಇವು ಗಟ್ಟಿ. ಆದ್ರೆ ಕಾರ್ಯಕ್ರಮ 120 ದೇಶಗಳಲ್ಲಿ ಪ್ರಸಾರ, 50 ಕೋಟಿ ವೀಕ್ಷಕರು ಅನ್ನೋ ಮಾತು ಕಾಪಿ ಆಗ್ತಾ ಆಗ್ತಾ ಎಲ್ಲೆಲ್ಲೋ ಇದೆ. ಚಾನೆಲ್ ಸಿಗೋ ದೇಶ ಬೇರೆ, ಅಲ್ಲಿ ಕೂತು ಪನೀರ್ ಮಾಡೋದನ್ನ ನೋಡಿದೋರು ಬೇರೆ. ಅವರು ದೊಡ್ಡೋರು ಅನ್ನೋಕೆ ಇದೇನೂ ಬೇಕಾಗೂ ಇಲ್ಲ. ಆ ಕಾರ್ಯಕ್ರಮದ ಶುರುವಿನ ನಿರ್ದೇಶಕರು ಹನ್ಸಲ್ ಮೆಹ್ತಾ, ಇವತ್ತಿನ ಹೆಸರಾಂತ ಸಿನಿಮಾ ನಿರ್ದೇಶಕರು, ಅದನ್ನ ಬರೀರಪ್ಪ ಅಂದ್ರೆ ಯಾರಿಗೂ ಬೇಡ.

ನಮ್ ಕಡೆಗೆ ಬರ್ತೀನಿ. ಇಲ್ಲಿ ಹುಟ್ಟೂರಿನ ಹುಚ್ಚು ಜಾಸ್ತಿ. ಒಬ್ಬರು ಟಿವಿ ಅಡುಗೆಯವರ ಪುಟಕ್ಕೆ ಯಾರೋ ಪ್ರೀತಿಯಿಂದ "ಮಂಡ್ಯ ಜಿಲ್ಲೆಯವರು" ಅಂತ ಸೇರಿಸಿದ್ರು, ಬಹುಶಃ ಅವರು ಮುದ್ದೆ ಚೆನ್ನಾಗಿ ತಿರುವಿದ್ದು ನೋಡಿ. ಆಧಾರ ಇರ್ಲಿಲ್ಲ. ಆರು ತಿಂಗಳಾದ್ಮೇಲೆ ಒಂದು ಸುದ್ದಿ ವೆಬ್‌ಸೈಟು ಅದನ್ನೇ ಎತ್ಕೊಂಡು "ಮಂಡ್ಯದ ಹೈದ" ಅಂತ ಬರೀತು, ಆಮೇಲೆ ಇನ್ಯಾರೋ ಬಂದು ಆ ವೆಬ್‌ಸೈಟನ್ನೇ ಆಧಾರ ಅಂತ ಪುಟಕ್ಕೆ ಅಂಟಿಸಿದ್ರು. ನಾನು ತೆಗೆಯೋಕೆ ಹೋದ್ರೆ ಪೇಪರಲ್ಲಿ ಬಂದಿದೆಯಲ್ಲಾ ಮೇಡಂ ಅಂತಾರೆ. ಪೇಪರಿಗೆ ಕೊಟ್ಟಿದ್ದೇ ನಾವು! ಕೊನೆಗೆ ಅವರ ಹಳೇ ಸಂದರ್ಶನ ಒಂದು ಸಿಕ್ತು, ಹುಟ್ಟಿದ್ದು ಬೇರೆ ಜಿಲ್ಲೇಲಿ. ನಾನೂ ಮಂಡ್ಯದೋಳೇ, ಡಿಲೀಟ್ ಒತ್ತೋವಾಗ ಸ್ವಲ್ಪ ಬೇಜಾರೇ ಆಯ್ತು.

ಇನ್ನೊಂದು, "ಅವರು ಯಾವ ಜನ?" ಇದು ನಮ್ಮೂರಲ್ಲಿ ಯಾರ ಹೆಸರು ಎತ್ತಿದ್ರೂ ಎರಡನೇ ಪ್ರಶ್ನೆ, ಅಡುಗೆಯವರಾದ್ರೆ ಮೊದಲನೇದೇ ಇದು, ಯಾಕಂದ್ರೆ ಕೈಯಿಂದ ಅನ್ನದವರೆಗೆ ನಮಗೆ ಎಲ್ಲದರಲ್ಲೂ ಜಾತಿ ಇದೆಯಲ್ಲ. ಪುಟದಲ್ಲಿ ಒಂದು ಸಲ ಒಂದು ಜಾತಿ ಇರುತ್ತೆ, ಮರುದಿನ ಇನ್ನೊಂದು. ಅವರು ತಾವಾಗಿ ಎಲ್ಲಾದ್ರೂ ಹೇಳ್ಕೊಂಡು ಅದು ಅಚ್ಚಾಗಿದ್ರೆ, ಅವರ ಅಡುಗೆಗೂ ಅದಕ್ಕೂ ಸಂಬಂಧ ಇದ್ರೆ ಒಂದು ಮಾತು ಹಾಕ್ಬಹುದೇನೋ. ಸರ್‌ನೇಮ್ ನೋಡಿ, ಮಾಡೋ ಸಾಂಬಾರ್ ನೋಡಿ, ಮಾತಿನ ಧಾಟಿ ನೋಡಿ ಬರೆದಿರೋದನ್ನ ನಾನು ಪುಟದಲ್ಲಿ ಇರೋಕೆ ಬಿಡಲ್ಲ, ಬೈಗುಳ ತಿಂದಿದೀನಿ ಅದಕ್ಕೆ.

ಮೈಸೂರಿನವರಿಗೆ ಅತಿ ಪ್ರಿಯವಾದ ಅಡುಗೆಯವರ ಕಥೆ ಅಂದ್ರೆ ಕಾಕಾಸುರ ಮಾದಪ್ಪನವರದ್ದು. ಟಿವಿ ಬರೋಕೆ ಎಷ್ಟೋ ಮೊದಲಿನೋರು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆ ಅಡುಗೆಮನೇಲಿ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಮೈಸೂರು ಪಾಕ್ ಮಾಡಿದ್ರು, ಏನಿದು ಅಂತ ಮಹಾರಾಜರು ಕೇಳಿದಾಗ ಆ ಹೆಸರು ಹುಟ್ತು, ಇವತ್ತೂ ಅವರ ವಂಶದವರು ಸಯ್ಯಾಜಿರಾವ್ ರಸ್ತೇಲಿ ಅಂಗಡಿ ನಡೆಸ್ತಿದಾರೆ. ಅಂಗಡಿ ನಿಮ್ ಕಣ್ಮುಂದೆ ಇದೆ, ತುಪ್ಪದ ವಾಸನೆ ದೇವರಾಜ ಮಾರ್ಕೆಟ್‌ವರೆಗೂ ಬರುತ್ತೆ. ಆದ್ರೆ ರಾಜರ ಮಾತು? ಒಂದು ಕಡೆ ರಾಜರೇ ಹೆಸರಿಟ್ರು, ಇನ್ನೊಂದು ಕಡೆ ಗಾಬರಿಯಾದ ಅಡುಗೆಯವರ ಬಾಯಿಂದ ಬಂತು. ಎದುರು ನಿಂತು ಕೇಳಿಸ್ಕೊಂಡಂಗೆ ಸಂಭಾಷಣೆ ಸಮೇತ ಬರೆದಿರೋ ಪುಟಗಳೂ ಇವೆ. ನಾನಾದ್ರೆ "ಎಂದು ಅವರ ವಂಶಸ್ಥರು ಹೇಳುತ್ತಾರೆ" ಅಂತ ಸೇರಿಸ್ತೀನಿ. ಅದು ಅವ್ವನ "ಅಂತೆ"ಗೆ ಪ್ಯಾಂಟು ಶರಟು ತೊಡಿಸಿದಂಗೆ, ಆದ್ರೂ ಒಳಗಿರೋದು ಅದೇ.

ಬದುಕಿರೋರ ವಿಷಯದಲ್ಲಿ ಮಾತ್ರ ಆ ಬಟ್ಟೆನೂ ಸಾಲಲ್ಲ. 2005ರಲ್ಲಿ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಜಾನ್ ಸೀಗೆಂಥಾಲರ್ ಅನ್ನೋ ಹಿರಿಯ ಪತ್ರಕರ್ತರು ಕೆನಡಿ ಹತ್ಯೇಲಿ ಪಾಲ್ಗೊಂಡಿದ್ರು ಅನ್ನೋ ಅನುಮಾನ ಇತ್ತು ಅಂತ ಯಾರೋ ಕೀಟಲೆಗೆ ಬರೆದಿದ್ದು ಸುಮಾರು ನಾಲ್ಕು ತಿಂಗಳು ಹಂಗೇ ಇತ್ತು. ಬದುಕಿರೋರ ಬಗ್ಗೆ ನಿಯಮ ಬಿಗಿಯಾಗಿದ್ದು ಆ ಗಲಾಟೆ ಆದ್ಮೇಲೆ, ಆಧಾರ ಇಲ್ದೇ ಇರೋ ವಿವಾದದ ಮಾತು ಒಳ್ಳೇದಾಗ್ಲಿ ಕೆಟ್ಟದಾಗ್ಲಿ, ಚರ್ಚೆಗೆ ಕಾಯದೆ ತೆಗೀರಿ ಅಂತ. ಜನಕ್ಕೆ ಆ "ಒಳ್ಳೇದಾಗ್ಲಿ" ಅರ್ಥ ಆಗಲ್ಲ, ಹೊಗಳಿದ್ದನ್ನ ಯಾಕೆ ತೆಗೆದ್ರಿ ಅಂತ ಜಗಳಕ್ಕೆ ಬರ್ತಾರೆ. ನಮ್ ಕಾನೂನಲ್ಲೂ ಮಾನಹಾನಿ ಸೆಕ್ಷನ್ ಇದೆ, ಹಳೇ ಐಪಿಸಿಯ 499, 500, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356. ಕ್ರಿಮಿನಲ್ ಕೇಸಲ್ಲಿ ನಿಜ ಹೇಳ್ದೆ ಅಂದ್ರೆ ಮಾತ್ರ ಸಾಲಲ್ಲ, ಅದನ್ನ ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ಇರ್ಬೇಕು. ಒಬ್ಬರ ಡೈವೋರ್ಸಿಂದ ಅವರ ಬಿಸಿಬೇಳೆಬಾತು ಮಾಡೋ ವೀಕ್ಷಕರಿಗೆ ಯಾವ ಹಿತ? ಒಬ್ಬರು ಹೆಣ್ಣುಮಗಳು, ಟಿವಿಲಿ ಅಡುಗೆ ಮಾಡ್ತಾರೆ, ಹುಟ್ಟಿದ ತಾರೀಖು ತೆಗೆಸ್ತೀರಾ ಅಂತ ಯಾರ ಮೂಲಕವೋ ಕೇಳ್ಸಿದ್ರು. ನೋಡಿದ್ರೆ ಎಲ್ಲೂ ಅಚ್ಚಾಗಿರ್ಲಿಲ್ಲ, ಯಾರೋ ಅವರ ಹುಟ್ಟುಹಬ್ಬದ ಪೋಸ್ಟಿಂದ ಲೆಕ್ಕ ಹಾಕಿ ಬರೆದಿದ್ರು. ತೆಗೆದೆ. ಎರಡು ನಿಮಿಷದ ಕೆಲಸ.

ನಿಜವಾದ ಕಷ್ಟ ಇರೋದು ಕನ್ನಡದ ಹಳೇ ಟಿವಿ ಕಾರ್ಯಕ್ರಮಗಳಿಗೆ ಆಧಾರ ಹುಡುಕೋದ್ರಲ್ಲಿ. ಈಗಿನದ್ದು ಸಲೀಸು, ಸ್ಟಾರ್ ಸುವರ್ಣದ ಬೊಂಬಾಟ್ ಭೋಜನ ಆಗ್ಲಿ, ಅದನ್ನ ನಡೆಸಿಕೊಡೋ ಸಿಹಿಕಹಿ ಚಂದ್ರು ಅವರ ಹೆಸರಿಗೆ ಆ "ಸಿಹಿಕಹಿ" ಬಂದಿದ್ದು ಹಳೇ ದೂರದರ್ಶನದ ಧಾರಾವಾಹಿಯಿಂದ ಅನ್ನೋದಾಗ್ಲಿ ನೂರು ಕಡೆ ಸಿಗುತ್ತೆ. ಇಪ್ಪತ್ತು ವರ್ಷ ಹಿಂದೆ ಹೋದ್ರೆ ಕತ್ತಲೆ. ಒಬ್ಬರ ಕಾರ್ಯಕ್ರಮ 2009ರಲ್ಲಿ ಶುರುವಾಯ್ತು ಅಂತ ಪುಟದಲ್ಲಿತ್ತು, ನನಗೆ ಯಾಕೋ ಅನುಮಾನ, ಅದಕ್ಕಿಂತ ಮುಂಚೆನೇ ಮನೇಲಿ ನೋಡಿದ ನೆನಪು. ಊರಿಗೆ ಹೋದಾಗ ಅವ್ವನ ನೋಟ್‌ಬುಕ್ ತೆಗೆದೆ. ನನ್ನ ಪಿಯುಸಿ ಅರ್ಧ ಖಾಲಿ ಉಳಿದಿದ್ದ ಕೆಮಿಸ್ಟ್ರಿ ರೆಕಾರ್ಡು ಅದು, ಮುಂದಿನ ಅರ್ಧ ಲವಣ ಪರೀಕ್ಷೆ, ಹಿಂದಿನ ಅರ್ಧ ಅವ್ವ ಟಿವಿ ನೋಡ್ಕೊಂಡು ಬರ್ಕೊಂಡಿರೋ ಅಡುಗೆಗಳು. ಪ್ರತಿಯೊಂದಕ್ಕೂ ತಾರೀಖು ಹಾಕಿದಾರೆ, ಡೈರಿ ಲೆಕ್ಕ ಬರೆದು ರೂಢಿ ಇದೆಯಲ್ಲ. ಬೆಂಡೆಕಾಯಿ ಗೊಜ್ಜು, ಪಕ್ಕದಲ್ಲಿ ಆ ಅಡುಗೆಯವರ ಹೆಸರು, 2007.

ಅವ್ವನ ಪುಸ್ತಕಾನ ಆಧಾರ ಅಂತ ಕೊಡೋಕಾಗಲ್ಲ, ಅಚ್ಚಾಗಿಲ್ಲ, ಬೇರೆಯೋರು ಹೋಗಿ ನೋಡೋ ಹಾಗಿಲ್ಲ. ಆದ್ರೆ ತಾರೀಖಿದೆಯಲ್ಲ. ಅದನ್ನ ಚೀಟೀಲಿ ಬರ್ಕೊಂಡು ಮಾನಸಗಂಗೋತ್ರಿ ಲೈಬ್ರರಿಗೆ ಹೋಗಿ ಆ ತಿಂಗಳ ಪೇಪರ್ ಬೈಂಡ್ ತೆಗೆಸಿ, ಮೂಗಿಗೆ ಕರ್ಚೀಫ್ ಕಟ್ಕೊಂಡು ಟಿವಿ ಕಾರ್ಯಕ್ರಮಗಳ ಪಟ್ಟಿ ನೋಡ್ತಾ ಕೂತೆ, ಎರಡು ಮಧ್ಯಾಹ್ನ ಹೋಯ್ತು. ಸಿಕ್ತು. ಸಣ್ಣಕ್ಷರದಲ್ಲಿ, ಸಮಯದ ಪಕ್ಕ, ಕಾರ್ಯಕ್ರಮದ ಹೆಸರು. ಪುಟದಲ್ಲಿ 2009 ತೆಗೆದು "2007ರ ಹೊತ್ತಿಗಾಗಲೇ ಪ್ರಸಾರವಾಗುತ್ತಿತ್ತು" ಅಂತ ಹಾಕಿ ಪೇಪರು, ತಾರೀಖು, ಪುಟಸಂಖ್ಯೆ ಕೊಟ್ಟೆ.

ಸಂಜೆ ಅವ್ವಂಗೆ ಫೋನ್ ಮಾಡಿ ಹೇಳ್ದೆ.

"ಅದ್ರಲ್ಲಿ ನನ್ ಹೆಸ್ರು ಆಕಿದ್ಯಾ?" ಅಂದ್ರು.

"ಇಲ್ಲ ಕಣವ್ವ, ಹಂಗೆಲ್ಲ ಹಾಕಂಗಿಲ್ಲ."

"ಓಗ್ಲಿ ಬುಡು. ಆವತ್ತು ಅವ್ರು ಹುಣ್ಸೆಹಣ್ಣು ಎಷ್ಟು ಅಂತಾನೇ ಯೋಳ್ನಿಲ್ಲ, ಗೊಜ್ಜು ಕೆಟ್ಟೋಯ್ತು. ಅದ್ನಾರ ಬರ್ದ್ಯಾ?"